ಖಾಲಿ ಕೂತ ಸರ್ವರ್‌ಗೂ ಕರೆಂಟ್ ಬೇಕು: ಸಣ್ಣ ಕ್ಲಸ್ಟರ್‌ನಲ್ಲಿ ವಿದ್ಯುತ್ ಉಳಿಸುವಂತೆ ಕೆಲಸ ಹಂಚುವುದು ಹೇಗೆ

ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್, ಸಂಶೋಧನಾ ಕೇಂದ್ರ, ಸಣ್ಣ ಸಾಫ್ಟ್‌ವೇರ್ ಕಂಪನಿ. ಎಂಟು ಹತ್ತು ಸರ್ವರ್ ಸೇರಿಸಿ ಕಟ್ಟಿದ ಕ್ಲಸ್ಟರ್ ಈಗ ಇಂಥ ಎಷ್ಟೋ ಕಡೆ ಇದೆ. ಜಾಬ್, ಅಂದರೆ ಕ್ಲಸ್ಟರ್‌ಗೆ ಒಪ್ಪಿಸಿದ ಕೆಲಸ, ನಿಂತುಹೋದರೆ ಅದನ್ನು ನೋಡಿಕೊಳ್ಳುವವರಿಗೆ ತಕ್ಷಣ ಫೋನ್ ಬರುತ್ತದೆ. ಎಷ್ಟು ಕರೆಂಟ್ ಖರ್ಚಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬಿಲ್ ಕಟ್ಟುವುದು ಬೇರೆ ವಿಭಾಗ, ಅಲ್ವಾ? ಹಾಗಾಗಿ ರಜೆಯಲ್ಲೂ, ಭಾನುವಾರ ರಾತ್ರಿಯೂ ಎಲ್ಲ ಸರ್ವರ್‌ಗಳು ಸುಮ್ನೆ ಉರಿಯುತ್ತಲೇ ಇರುತ್ತವೆ. ಅವುಗಳ ಬಿಸಿ ತೆಗೆಯಲು ಎಸಿಯೂ ಓಡುತ್ತಿರುತ್ತದೆ.

ಅಂಥ ಕ್ಲಸ್ಟರ್ ನೋಡಿಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ಯಾವ ಜಾಬ್ ಯಾವ ಸರ್ವರ್‌ನಲ್ಲಿ ಯಾವಾಗ ಓಡಬೇಕು ಎಂದು ತೀರ್ಮಾನಿಸುವ ಸಾಫ್ಟ್‌ವೇರ್‌ಗೆ ಶೆಡ್ಯೂಲರ್ ಅನ್ನುತ್ತಾರೆ. ಉದಾಹರಣೆಗೆ ಸ್ಲರ್ಮ್ ಶೆಡ್ಯೂಲರ್ ತೆಗೆದುಕೊಂಡಿದ್ದೇನೆ. ಅದು ಉಚಿತ, ಓಪನ್ ಸೋರ್ಸ್, ಕಾಲೇಜು ಮತ್ತು ಸಂಶೋಧನಾ ಕ್ಲಸ್ಟರ್‌ಗಳಲ್ಲಿ ಜಾಸ್ತಿ ಬಳಕೆಯಲ್ಲಿರುವುದೂ ಅದೇ. ಕ್ಯೂಬರ್ನೆಟೀಸ್ ಅಥವಾ ಹಡೂಪ್ ಎಂಬ ಬೇರೆ ಕ್ಲಸ್ಟರ್ ವ್ಯವಸ್ಥೆ ನಡೆಸುವವರಿಗೆ ಬೇಕಾದ ಮಾತು ಕೊನೆಯ ಕಡೆ ಇದೆ.

ನಾನು ಹೇಳಬೇಕಾದ ಮುಖ್ಯ ವಿಷಯ ಇಷ್ಟು. ದೊಡ್ಡ ಉಳಿತಾಯ ಬರುವುದು ಖಾಲಿ ಯಂತ್ರವನ್ನು ಆಫ್ ಮಾಡುವುದರಿಂದ. ಚೂರು ಚೂರಾಗಿ ಹರಡಿರುವ ಖಾಲಿ ಜಾಗವನ್ನು ಒಂದೇ ಕಡೆಗೆ ತಂದು, ಅದು ಗಂಟೆಗಟ್ಟಲೆ ಖಾಲಿಯೇ ಇರುವಂತೆ ನೋಡಿಕೊಳ್ಳುವುದು ಶೆಡ್ಯೂಲರ್‌ನ ಪಾಲಿನ ಕೆಲಸ. ಪ್ರೊಸೆಸರ್ ವೇಗ ತಗ್ಗಿಸುವುದು, ರಾತ್ರಿಗೆ ಜಾಬ್ ಮುಂದೂಡುವುದು ಎಲ್ಲ ಆಮೇಲಿನದು. ಹಲವರು ವೇಗ ತಗ್ಗಿಸುವುದರಿಂದಲೇ ಶುರು ಮಾಡುತ್ತಾರೆ. ಅದು ತಲೆಕೆಳಗಾದ ಕ್ರಮ.

1. ಮೊದಲು ಅಳೆಯಿರಿ

ಒಂದು ನೋಡ್, ಅಂದರೆ ಕ್ಲಸ್ಟರ್‌ನ ಒಂದು ಸರ್ವರ್, ಆರಿಸಿಕೊಳ್ಳಿ. ಅದರ ಕ್ಯೂ ನಿಲ್ಲಿಸಿ. ನಾಲ್ಕು ಸ್ಥಿತಿಯಲ್ಲಿ ಎಷ್ಟು ವಾಟ್ ಎಳೆಯುತ್ತದೆ ಎಂದು ಬರೆದಿಟ್ಟುಕೊಳ್ಳಿ: ಆಫ್ ಆಗಿದ್ದು ಪ್ಲಗ್ ಮಾತ್ರ ಹಾಕಿದ್ದಾಗ, ಆನ್ ಆಗಿ ಖಾಲಿ ಕೂತಾಗ, ಅರ್ಧ ಕೋರ್‌ಗಳು ದುಡಿಯುವಾಗ, ಎಲ್ಲ ಕೋರ್ ದುಡಿಯುವಾಗ. ಆಫ್ ಆದ ಸರ್ವರ್ ಕೂಡ ಸೊನ್ನೆ ವಾಟ್ ಅಲ್ಲ. ದೂರದಿಂದ ಆನ್ ಮಾಡಲು ಒಳಗೊಂದು ಪುಟ್ಟ ನಿಯಂತ್ರಣ ಚಿಪ್ ಸದಾ ಎಚ್ಚರ ಇರುತ್ತದೆ. ಅದನ್ನು ಬಿಎಂಸಿ ಅನ್ನುತ್ತಾರೆ.

ಅಳೆಯಲು ಎರಡು ದಾರಿ. ಸರ್ವರ್‌ನಲ್ಲಿ ಐಪಿಎಂಐ (ಬಿಎಂಸಿ ಜೊತೆ ಮಾತಾಡುವ ವ್ಯವಸ್ಥೆ) ಇದ್ದರೆ, ಐಪಿಎಂಐಟೂಲ್‌ನ ಡಿಸಿಎಂಐ ಪವರ್ ರೀಡಿಂಗ್ ಆದೇಶ ಇಡೀ ಯಂತ್ರದ ವಾಟ್ ಹೇಳುತ್ತದೆ. ಫ್ಯಾನ್, ಡಿಸ್ಕ್, ಪವರ್ ಸಪ್ಲೈ ಎಲ್ಲ ಸೇರಿ. ಇನ್ನೊಂದು, ಪ್ರೊಸೆಸರ್ ಒಳಗೇ ಇರುವ ರಾಪಲ್ ಮೀಟರ್. ಇಂಟೆಲ್ ಇದನ್ನು 2011ರ ಸ್ಯಾಂಡಿಬ್ರಿಡ್ಜ್ ಚಿಪ್‌ಗಳಿಂದ ಕೊಡುತ್ತಿದೆ. ಎಎಂಡಿಯ ಜೆನ್ ಚಿಪ್‌ಗಳಲ್ಲೂ ಇದೆ. ಇದು ತೋರಿಸುವುದು ಪ್ರೊಸೆಸರ್ ಮತ್ತು ಕೆಲವು ಮಾದರಿಗಳಲ್ಲಿ ಮೆಮೊರಿಯ ಖರ್ಚು ಮಾತ್ರ. ಲಿನಕ್ಸ್‌ನ ಪವರ್‌ಕ್ಯಾಪ್ ಫೋಲ್ಡರ್‌ನಲ್ಲಿ ಮೈಕ್ರೋಜೂಲ್ ಲೆಕ್ಕದಲ್ಲಿ ಸಿಗುತ್ತದೆ. ಎರಡು ವಿಷಯ ಗೊತ್ತಿರಲಿ. ಈ ಎಣಿಕೆ ಒಂದು ಮಿತಿ ಮುಟ್ಟಿದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹಾಗಾಗಿ ಆಗಾಗ ಓದಬೇಕು. 2020ರಲ್ಲಿ ಇದೇ ಮೀಟರ್ ಮೂಲಕ ರಹಸ್ಯ ಕೀಲಿಗಳನ್ನು ಕದಿಯಬಹುದು ಎಂದು ಸಂಶೋಧಕರು ತೋರಿಸಿದ ಮೇಲೆ, ಲಿನಕ್ಸ್ ಇದನ್ನು ರೂಟ್ ಬಳಕೆದಾರರಿಗೆ ಮಾತ್ರ ಬಿಟ್ಟಿದೆ.

ಸ್ಲರ್ಮ್‌ನಲ್ಲಿ ಅಕೌಂಟ್ ಗ್ಯಾದರ್ ಎನರ್ಜಿ ಟೈಪ್ ಎಂಬ ಸಾಲಿಗೆ ರಾಪಲ್ ಅಥವಾ ಐಪಿಎಂಐ ಎಂದು ಕೊಟ್ಟರೆ, ಮುಗಿದ ಪ್ರತಿ ಜಾಬ್‌ಗೂ ಎಷ್ಟು ಜೂಲ್ ಆಯಿತು ಎಂದು ಎಸ್‌ಅಕೌಂಟ್ ಆದೇಶದಲ್ಲಿ ನೋಡಬಹುದು. ಎಷ್ಟು ಸೆಕೆಂಡಿಗೊಮ್ಮೆ ಓದಬೇಕು ಎಂಬ ಸಾಲನ್ನೂ ತುಂಬಿ. ಅದನ್ನು ಸೊನ್ನೆ ಬಿಟ್ಟರೆ ಏನೂ ದಾಖಲಾಗುವುದಿಲ್ಲ. ಒಂದೇ ನೋಡ್‌ನಲ್ಲಿ ಇಬ್ಬರ ಜಾಬ್ ಓಡುತ್ತಿದ್ದರೆ ಆ ಅಂಕಿ ನೋಡ್‌ನದ್ದು, ಒಬ್ಬರ ಜಾಬ್‌ನದ್ದಲ್ಲ. ನೋಡ್ ಪೂರ್ತಿ ತಮ್ಮದಾಗಿ ಪಡೆದ ಜಾಬ್‌ಗೆ ಮಾತ್ರ ಅದನ್ನು ನಂಬಿ.

ಅಳೆಯುವಾಗ ಖಾಲಿ ಕೂತ ಸರ್ವರ್ ಪೂರ್ತಿ ದುಡಿಯುವ ಸರ್ವರ್‌ನ ಮುಕ್ಕಾಲು ಭಾಗ ಕರೆಂಟ್ ತಿನ್ನುತ್ತಿದೆ ಎಂದು ಕಂಡರೆ ಬಯಾಸ್ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್) ತೆರೆದು ನೋಡಿ. ಪವರ್ ಪ್ರೊಫೈಲ್ ‘ಗರಿಷ್ಠ ಪರ್ಫಾರ್ಮೆನ್ಸ್’ ಎಂದಿದ್ದರೆ ಪ್ರೊಸೆಸರ್‌ನ ಆಳದ ನಿದ್ದೆ, ಅಂದರೆ ಸಿ-ಸ್ಟೇಟ್‌ಗಳು, ಬಂದ್ ಆಗಿರುವ ಸಾಧ್ಯತೆ ಇದೆ. ಆ ನಿದ್ದೆಯನ್ನು ಆನ್ ಮಾಡಿದರೆ ಶೆಡ್ಯೂಲರ್ ಮುಟ್ಟುವ ಮೊದಲೇ ಒಂದಷ್ಟು ವಾಟ್ ಉಳಿಯುತ್ತದೆ.

2. ಕಾಗದದ ಮೇಲೆ ಲೆಕ್ಕ ಹಾಕಿ

ಈ ಲೆಕ್ಕವನ್ನು ಬಿಡಿಸಿ ತೋರಿಸುತ್ತೇನೆ, ಯಾಕೆಂದರೆ ಇಲ್ಲೇ ತುಂಬಾ ಜನ ತಪ್ಪು ನಿರೀಕ್ಷೆ ಇಟ್ಟುಕೊಳ್ಳುತ್ತಾರೆ.

ಹತ್ತು ನೋಡ್ ಇವೆ ಅಂದುಕೊಳ್ಳಿ. ಖಾಲಿ ಇದ್ದಾಗ ಒಂದೊಂದೂ 120 ವಾಟ್, ಪೂರ್ತಿ ದುಡಿಯುವಾಗ 400 ವಾಟ್, ಆಫ್ ಆದಾಗ 10 ವಾಟ್. ನಡುವೆ ಕೆಲಸ ಏರಿದ ಹಾಗೆ ಕರೆಂಟ್ ನೇರವಾಗಿ ಏರುತ್ತದೆ ಎಂದಿರಲಿ. ಈಗ ಇಡೀ ಕ್ಲಸ್ಟರ್‌ನ 40 ಶೇಕಡಾ ಕೋರ್‌ಗಳಿಗೆ ಕೆಲಸ ಇದೆ.

ಮೊದಲ ಬಗೆ, ಕೆಲಸವನ್ನು ಎಲ್ಲ ನೋಡ್‌ಗಳಿಗೂ ಸಮನಾಗಿ ಹರಡುವುದು. ಪ್ರತಿ ನೋಡ್ 120 ಕೂಡಿಸು 280ರ 40 ಶೇಕಡಾ, ಅಂದರೆ 232 ವಾಟ್. ಹತ್ತಕ್ಕೆ 2,320 ವಾಟ್.

ಎರಡನೇ ಬಗೆ, ನಾಲ್ಕು ನೋಡ್‌ಗಳನ್ನು ಪೂರ್ತಿ ತುಂಬಿ ಆರನ್ನು ಖಾಲಿ ಬಿಡುವುದು. ನಾಲ್ಕಕ್ಕೆ 1,600, ಖಾಲಿ ಆರಕ್ಕೆ 720. ಒಟ್ಟು ಮತ್ತೆ ಅದೇ 2,320 ವಾಟ್!

ಒಂದು ವಾಟ್ ಕೂಡ ಉಳಿಯಲಿಲ್ಲ. ಒತ್ತಾಗಿ ತುಂಬಿಸುವುದರಿಂದಲೇ ಕರೆಂಟ್ ಉಳಿಯುತ್ತದೆ ಎಂಬ ನಂಬಿಕೆ ಎಲ್ಲಿ ಜಾರುತ್ತದೆ ಎಂದು ಇಲ್ಲಿ ಕಾಣುತ್ತದೆ. ಈಗ ಆ ಆರು ನೋಡ್ ಆಫ್ ಮಾಡಿ. 1,600 ಕೂಡಿಸು 60, ಒಟ್ಟು 1,660 ವಾಟ್. ಉಳಿದದ್ದು 660 ವಾಟ್. ದಿನಕ್ಕೆ ಸುಮಾರು 16 ಯೂನಿಟ್. ಸರ್ವರ್‌ನ ಪ್ರತಿ ವಾಟ್‌ಗೂ ಎಸಿ, ಯುಪಿಎಸ್ ಸೇರಿ ಇನ್ನರ್ಧ ವಾಟ್ ಹೋಗುತ್ತಿದೆ ಎಂದರೆ ದಿನಕ್ಕೆ 24 ಯೂನಿಟ್‌ನ ಹತ್ತಿರ, ತಿಂಗಳಿಗೆ 710 ಯೂನಿಟ್ ಮೇಲೆ. ಯೂನಿಟ್‌ಗೆ 8 ರೂಪಾಯಿ ಇಟ್ಟರೂ ತಿಂಗಳಿಗೆ 5,700 ರೂಪಾಯಿ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆ ಲೆಕ್ಕದಲ್ಲಿ ತಿಂಗಳಿಗೆ ಅರ್ಧ ಟನ್. ಹತ್ತೇ ಸರ್ವರ್‌ಗೆ ಇಷ್ಟು.

ಗೂಗಲ್‌ನ ಲೂಯಿಜ್ ಆಂಡ್ರೆ ಬರೋಸೋ ಮತ್ತು ಉರ್ಸ್ ಹೋಲ್ಜಲೆ 2007ರಲ್ಲೇ ಈ ಸಮಸ್ಯೆಯನ್ನು ಎತ್ತಿ ಹೇಳಿದ್ದರು. ಅವರು ಗಮನಿಸಿದ ಸರ್ವರ್‌ಗಳು ಬಹುಪಾಲು ಸಮಯ 10ರಿಂದ 50 ಶೇಕಡಾ ಕೆಲಸದಲ್ಲಿ ಇರುತ್ತಿದ್ದವು. ಏನೂ ಮಾಡದೆ ಕೂತಾಗಲೂ ಗರಿಷ್ಠದ ಅರ್ಧದಷ್ಟು ಕರೆಂಟ್ ಎಳೆಯುತ್ತಿದ್ದವು. ಆಮೇಲೆ ಬಂದ ಯಂತ್ರಗಳು ಸುಧಾರಿಸಿವೆ. ಆದರೂ ಖಾಲಿ ಯಂತ್ರದ ಖರ್ಚು ಎಲ್ಲೂ ಸೊನ್ನೆ ಆಗಿಲ್ಲ.

ನಿಮ್ಮ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಕ್ಲಸ್ಟರ್ ಹಗಲೂ ರಾತ್ರಿ 90 ಶೇಕಡಾ ತುಂಬಿರುತ್ತದೆ ಎಂದಾದರೆ ಮುಂದಿನ ಮೂರು ಹಂತದಿಂದ ದೊಡ್ಡ ಲಾಭವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗದಂಥ 3.3 ಪೆಟಾಫ್ಲಾಪ್ ಸೂಪರ್‌ಕಂಪ್ಯೂಟರ್‌ನ ಲೆಕ್ಕವೇ ಬೇರೆ. ಅಷ್ಟು ದೊಡ್ಡ ಯಂತ್ರವನ್ನು ತಂದಿಡುವುದು ಅದು ಸದಾ ದುಡಿಯಲಿ ಎಂದು. ಅಂಥ ಕಡೆ ನೇರ ಆರನೇ ಹಂತಕ್ಕೆ ಹೋಗಬಹುದು. ಕಾಲೇಜಿನ ಕ್ಲಸ್ಟರ್ ಹಾಗಲ್ಲ. ಪ್ರಾಜೆಕ್ಟ್ ಸಲ್ಲಿಸುವ ವಾರ ಕಿಕ್ಕಿರಿದಿರುತ್ತದೆ, ಪರೀಕ್ಷೆ ಮುಗಿದು ರಜೆ ಬಂದರೆ ಬಿಕೋ ಅನ್ನುತ್ತದೆ.

3. ಜಾಬ್‌ಗಳನ್ನು ಒತ್ತಾಗಿ ಕೂರಿಸಿ

ಸ್ಲರ್ಮ್‌ನ ಮುಖ್ಯ ಕಾನ್ಫಿಗ್ ಫೈಲ್ ತೆರೆಯಿರಿ. ಸೆಲೆಕ್ಟ್ ಟೈಪ್ ಸಾಲಿನಲ್ಲಿ ‘ಲೀನಿಯರ್’ ಎಂದಿದ್ದರೆ ಒಂದೇ ಕೋರ್ ಕೇಳಿದವರಿಗೂ ಇಡೀ ನೋಡ್ ಹೋಗುತ್ತದೆ. ಅದನ್ನು ‘ಕಾನ್ಸ್ ಟ್ರೆಸ್’ ಎಂದು ಬದಲಿಸಿ, ಪ್ಯಾರಾಮೀಟರ್‌ನಲ್ಲಿ ಕೋರ್ ಮತ್ತು ಮೆಮೊರಿ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಹೇಳಿ. ಎಲ್‌ಎಲ್‌ಎನ್ ಎಂಬ ಆಯ್ಕೆ ಎಲ್ಲಾದರೂ ಇದೆಯಾ ನೋಡಿ. ಅತಿ ಕಡಿಮೆ ಕೆಲಸ ಇರುವ ನೋಡ್‌ಗೇ ಹೊಸ ಜಾಬ್ ಕೊಡು ಎಂದು ಅದರ ಅರ್ಥ. ನಮಗೆ ಬೇಕಾದದ್ದರ ಪೂರ್ತಿ ಉಲ್ಟಾ. ತೆಗೆದುಹಾಕಿ.

ಆಮೇಲೆ ವೆಯ್ಟ್. ಪ್ರತಿ ನೋಡ್‌ಗೂ ಒಂದು ತೂಕದ ಅಂಕಿ ಕೊಡಬಹುದು. ತೂಕ ಕಡಿಮೆ ಇರುವ ನೋಡ್ ಮೊದಲು ತುಂಬುತ್ತದೆ. ಹೊಸ, ಕಡಿಮೆ ಕರೆಂಟ್‌ನಲ್ಲಿ ಜಾಸ್ತಿ ದುಡಿಯುವ ನೋಡ್‌ಗಳಿಗೆ ಸಣ್ಣ ಅಂಕಿ, ಹಳೆಯ ನೋಡ್‌ಗಳಿಗೆ ದೊಡ್ಡ ಅಂಕಿ ಕೊಡಿ. ಜಿಪಿಯು ಇರುವ ನೋಡ್‌ಗೆ ಎಲ್ಲಕ್ಕಿಂತ ದೊಡ್ಡ ಅಂಕಿ. ಇಲ್ಲದಿದ್ದರೆ ಜಿಪಿಯು ಬೇಡದ ಜಾಬ್ ಅಲ್ಲಿ ಹೋಗಿ ಕೂತು, ದುಬಾರಿ ಕಾರ್ಡ್‌ಗಳು ಸುಮ್ನೆ ಆನ್ ಇರುತ್ತವೆ.

ಮೆಮೊರಿ ವಿಷಯದಲ್ಲಿ ಬಿಗಿ ಇರಿ. ಯಾರೂ ಏನೂ ಹೇಳದಿದ್ದರೆ ಒಂದು ಕೋರ್‌ಗೆ ಇಷ್ಟು ಮೆಮೊರಿ ಎಂಬ ಡಿಫಾಲ್ಟ್ ಇಡಿ. ಎರಡು ಕೋರ್ ಬೇಕಾದವರು ನೋಡ್‌ನ ಅಷ್ಟೂ ಮೆಮೊರಿ ಕೇಳಿಬಿಟ್ಟರೆ, ಮೂವತ್ತು ಕೋರ್ ಖಾಲಿ ಇದ್ದರೂ ಆ ನೋಡ್‌ಗೆ ಬೇರೆಯವರು ಬರುವ ಹಾಗಿಲ್ಲ. ಇನ್ನೊಂದು ನೋಡ್ ಆನ್ ಮಾಡಬೇಕಾಗುತ್ತದೆ.

ಇನ್ನು ಕಣ್ಣಿಗೆ ಬೀಳದ ಒಂದು ತೊಂದರೆ ಇದೆ. ಒಬ್ಬರು ಒಂದೇ ಕೋರ್‌ನ ಜಾಬ್ ಹಾಕುತ್ತಾರೆ, ಏಳು ದಿನ ಓಡುವಂಥದ್ದು. ಅದು ಯಾವ ನೋಡ್‌ನಲ್ಲಿ ಕೂತಿತೋ ಆ ನೋಡ್ ಏಳು ದಿನ ಆಫ್ ಆಗುವಂತಿಲ್ಲ. ಇಂಥ ಆರು ಜಾಬ್ ನಮ್ಮ ಲೆಕ್ಕದ ಆ ಆರು ಖಾಲಿ ನೋಡ್‌ಗಳಲ್ಲಿ ಬಿದ್ದರೆ ಮುಗಿಯಿತು, ಕ್ಲಸ್ಟರ್ ಬಹುಪಾಲು ಖಾಲಿ ಇದ್ದೂ ಏನೂ ಆಫ್ ಆಗದು. ಹಾಗಾಗಿ ಜಾಗದಲ್ಲಿ ಒತ್ತಾಗಿ ಕೂರಿಸಿದರೆ ಸಾಲದು, ಸಮಯದಲ್ಲೂ ಕೂರಿಸಬೇಕು. ಉದ್ದದ ಜಾಬ್‌ಗಳಿಗೆ ಎರಡು ಮೂರು ನೋಡ್‌ಗಳ ಪ್ರತ್ಯೇಕ ಪಾರ್ಟಿಷನ್, ಅಂದರೆ ಬೇರೆ ಗುಂಪು, ಮಾಡಿ. ಉಳಿದ ನೋಡ್‌ಗಳಲ್ಲಿ ಸಮಯ ಮಿತಿ 12 ಗಂಟೆಯೋ 24 ಗಂಟೆಯೋ ಇರಲಿ. ಈ ಒಂದು ಬದಲಾವಣೆಯೇ ನಾನು ಬೇರೆ ಯಾವುದಕ್ಕೂ ಮೊದಲು ಮಾಡಿಸುವುದು.

4. ಸಮಯ ಮಿತಿಯನ್ನು ನಿಜವಾಗಿ ಬರೆಯಿಸಿ

ಸ್ಲರ್ಮ್‌ನಲ್ಲಿ ಬ್ಯಾಕ್‌ಫಿಲ್ ಶೆಡ್ಯೂಲರ್ ಡಿಫಾಲ್ಟ್ ಆಗಿಯೇ ಇರುತ್ತದೆ. 1990ರ ದಶಕದಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಐಬಿಎಂ ಎಸ್‌ಪಿ ಯಂತ್ರಕ್ಕಾಗಿ ಬೆಳೆದ ವಿಧಾನ ಇದು: ದೊಡ್ಡ ಜಾಬ್ ಕಾಯುತ್ತಿರುವಾಗ ಸಿಗುವ ಸಂದಿನಲ್ಲಿ ಸಣ್ಣ ಜಾಬ್ ಓಡಿಸುವುದು. ಊಟದ ಹೋಟೆಲಿನಲ್ಲಿ ಎಂಟು ಜನರ ಗುಂಪು ಎರಡು ಟೇಬಲ್ ಒಟ್ಟಿಗೆ ಖಾಲಿಯಾಗಲಿ ಎಂದು ಕಾಯುತ್ತಿದೆ. ಒಂದು ಟೇಬಲ್ ಈಗ ಖಾಲಿ, ಇನ್ನೊಂದು ಇಪ್ಪತ್ತು ನಿಮಿಷದಲ್ಲಿ ಖಾಲಿಯಾಗುತ್ತದೆ. ಅಷ್ಟರೊಳಗೆ ಬರೀ ಕಾಫಿ ಕುಡಿದು ಹೋಗುವ ಇಬ್ಬರನ್ನು ಕೂರಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಕಾಫಿ ಅಂದವರು ಕಾಫಿಯನ್ನೇ ಕುಡಿದು ಏಳಬೇಕು.

ಜಾಬ್ ಹಾಕುವವರು ಇಲ್ಲಿಯೇ ಕೈ ಕೊಡುತ್ತಾರೆ. ಎರಡು ಗಂಟೆಯ ಕೆಲಸಕ್ಕೂ ಭಯಕ್ಕೆ 72 ಗಂಟೆ ಬರೆಯುತ್ತಾರೆ. ಆಗ ಶೆಡ್ಯೂಲರ್‌ಗೆ ಎಲ್ಲಿ ಎಷ್ಟು ಹೊತ್ತು ಸಂದು ಇದೆ ಎಂದು ಗೊತ್ತಾಗುವುದಿಲ್ಲ. ಆನ್ ಇರುವ ನೋಡ್‌ಗಳ ಸಂದು ಹಾಗೇ ಉಳಿಯುತ್ತದೆ, ದೊಡ್ಡ ಜಾಬ್ ಕಾಯುತ್ತದೆ.

ಬೈದು ಪ್ರಯೋಜನವಿಲ್ಲ. ಡಿಫಾಲ್ಟ್ ಸಮಯವನ್ನು ಒಂದು ಗಂಟೆಗೆ ಇಳಿಸಿ. ಬೇಕಾದವರು ಬರೆದು ಪಡೆಯಲಿ. ಸೆಫ್ (seff) ಎಂಬ ಸಣ್ಣ ಸಾಧನ ಇದೆ. ಜಾಬ್ ಮುಗಿದ ಮೇಲೆ ಕೇಳಿದ ಮೆಮೊರಿ, ಕೋರ್‌ಗಳಲ್ಲಿ ನಿಜವಾಗಿ ಬಳಸಿದ್ದು ಎಷ್ಟು, ಜಾಬ್ ಎಷ್ಟು ಹೊತ್ತು ಓಡಿತು ಎಂದು ಹೇಳುತ್ತದೆ. ಅದರ ಫಲಿತಾಂಶವನ್ನು ಜಾಬ್ ಮುಗಿದ ಇಮೇಲ್‌ನಲ್ಲೇ ಹೋಗುವಂತೆ ಮಾಡಿ. ಸಮಯ ಸರಿಯಾಗಿ ಬರೆದವರ ಜಾಬ್ ಬೇಗ ಶುರುವಾಗುತ್ತದೆ ಎಂದು ಒಮ್ಮೆ ಅನುಭವಕ್ಕೆ ಬಂದರೆ ಸಾಕು, ಮುಂದಿನ ಸಲ ತಾವೇ ಸರಿಯಾಗಿ ಬರೆಯುತ್ತಾರೆ. ಪ್ರೋಗ್ರಾಂ ನಡುನಡುವೆ ಚೆಕ್‌ಪಾಯಿಂಟ್, ಅಂದರೆ ನಿಂತಲ್ಲಿಂದ ಮುಂದುವರಿಸಲು ಬೇಕಾದ ಸ್ಥಿತಿ, ಉಳಿಸುವಂತಿದ್ದರೆ ಇನ್ನೂ ಒಳ್ಳೆಯದು. ಏಳು ದಿನದ ಜಾಬ್ ಹನ್ನೆರಡು ಗಂಟೆಯ ತುಂಡುಗಳಾಗುತ್ತದೆ.

5. ಖಾಲಿ ನೋಡ್ ತಾನಾಗಿ ಆಫ್ ಆಗಲಿ

ಎಷ್ಟು ಹೊತ್ತು ಖಾಲಿ ಇದ್ದರೆ ಆಫ್ ಮಾಡುವುದು ಲಾಭ? ಇದಕ್ಕೂ ಲೆಕ್ಕ ಇದೆ. ಆಫ್ ಆಗಿ ಮತ್ತೆ ಬೂಟ್ ಆಗಲು ಒಟ್ಟು ಆರು ನಿಮಿಷ, ಆಗ ಸರಾಸರಿ 200 ವಾಟ್ ಎಂದರೆ 20 ವಾಟ್-ಗಂಟೆ ಖರ್ಚು. ಅದೇ ಹೊತ್ತು ಖಾಲಿ ಆನ್ ಇದ್ದಿದ್ದರೆ 12. ಆಫ್ ಇದ್ದಾಗ ಗಂಟೆಗೆ 110 ವಾಟ್-ಗಂಟೆ ಉಳಿಯುತ್ತದೆ. ಎರಡೂ ಸರಿಹೋಗುವ ಹೊತ್ತು ಸುಮಾರು ಹತ್ತೂವರೆ ನಿಮಿಷ. ಅದಕ್ಕಿಂತ ಜಾಸ್ತಿ ಹೊತ್ತು ಖಾಲಿ ಇರುತ್ತದೆ ಎಂದಾದರೆ ಆಫ್ ಮಾಡುವುದೇ ಲಾಭ.

ಮುಂದಿನ ಜಾಬ್ ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲವಲ್ಲ. ಅದಕ್ಕೂ ಹಳೆಯ, ಗಣಿತದಲ್ಲಿ ಸಾಬೀತಾದ ನಿಯಮ ಇದೆ. ಆ ಸರಿಹೋಗುವ ಹೊತ್ತಿನಷ್ಟೇ ಕಾದು ಆಮೇಲೆ ಆಫ್ ಮಾಡಿ. ಹಾಗೆ ಮಾಡಿದರೆ, ಮುಂದಾಗುವುದೆಲ್ಲ ಗೊತ್ತಿದ್ದವರು ಮಾಡುವ ಖರ್ಚಿನ ಎರಡು ಪಟ್ಟಿಗಿಂತ ನಿಮ್ಮ ಖರ್ಚು ಯಾವತ್ತೂ ಜಾಸ್ತಿ ಆಗದು. ನಾನಾದರೆ ಅದಕ್ಕೆ ಇನ್ನಷ್ಟು ಸೇರಿಸಿ 20ರಿಂದ 30 ನಿಮಿಷ ಇಡುತ್ತೇನೆ. ಹಾರ್ಡ್ ಡಿಸ್ಕ್, ಫ್ಯಾನ್, ಪವರ್ ಸಪ್ಲೈಗಳು ದಿನಕ್ಕೆ ಇಪ್ಪತ್ತು ಸಲ ಆನ್ ಆಫ್ ಆಗುವುದು ಒಳ್ಳೆಯದಲ್ಲ. ಜಾಬ್ ಹಾಕುವವರ ತಾಳ್ಮೆಗೂ ಬೆಲೆ ಇದೆ.

ಸ್ಲರ್ಮ್‌ನಲ್ಲಿ ಇದಕ್ಕೆ ಬೇಕಾದ ಸಾಲುಗಳು ಸಿದ್ಧ ಇವೆ. ಸಸ್ಪೆಂಡ್ ಟೈಮ್ ಅಂದರೆ ಎಷ್ಟು ಸೆಕೆಂಡ್ ಖಾಲಿ ಇದ್ದರೆ ಆಫ್ ಮಾಡಬೇಕು ಎಂಬುದು. 1,200 ಅಥವಾ 1,800 ಇಡಿ. ಸಸ್ಪೆಂಡ್ ಪ್ರೋಗ್ರಾಂ, ರೆಸ್ಯೂಮ್ ಪ್ರೋಗ್ರಾಂ ಎರಡೂ ನೀವೇ ಬರೆಯುವ ಪುಟ್ಟ ಸ್ಕ್ರಿಪ್ಟ್‌ಗಳು. ನೋಡ್‌ಗಳ ಹೆಸರಿನ ಪಟ್ಟಿ ಇವಕ್ಕೆ ಬರುತ್ತದೆ. ಎಸ್‌ಕಂಟ್ರೋಲ್ ಶೋ ಹೋಸ್ಟ್‌ನೇಮ್ಸ್ ಆದೇಶದಿಂದ ಅದನ್ನು ಒಂದೊಂದೇ ಹೆಸರಾಗಿ ಬಿಡಿಸಿ, ಪ್ರತಿಯೊಂದಕ್ಕೂ ಐಪಿಎಂಐ ಮೂಲಕ ಪವರ್ ಸಾಫ್ಟ್ ಅಥವಾ ಪವರ್ ಆನ್ ಕಳಿಸಿದರೆ ಆಯಿತು. ಐಪಿಎಂಐ ಇಲ್ಲದ ಸಾಮಾನ್ಯ ಕಂಪ್ಯೂಟರ್‌ಗಳಿಗೆ ಆನ್ ಮಾಡಲು, ನೆಟ್‌ವರ್ಕ್ ಮೂಲಕ ಎಬ್ಬಿಸುವ ವೇಕ್-ಆನ್-ಲ್ಯಾನ್ ಸಾಕು. ಸ್ಕ್ರಿಪ್ಟ್ ಮಾಡಿದ ಪ್ರತಿ ಕೆಲಸವನ್ನೂ ಸಮಯ ಸಹಿತ ಲಾಗ್‌ಗೆ ಬರೆಸಿ. ತೊಂದರೆ ಬಂದಾಗ ಅದೊಂದೇ ಸಾಕ್ಷಿ.

ಎಚ್ಚರ ಬೇಕಾದ ಸಾಲು ರೆಸ್ಯೂಮ್ ಟೈಮ್‌ಔಟ್. ಇದರ ಡಿಫಾಲ್ಟ್ 60 ಸೆಕೆಂಡ್. ಜಾಸ್ತಿ ಮೆಮೊರಿ ಇರುವ ಸರ್ವರ್ ಒಂದು ನಿಮಿಷದಲ್ಲಿ ಎಲ್ಲಿ ಏಳುತ್ತದೆ? ಮೆಮೊರಿ ಪರೀಕ್ಷೆ ಮುಗಿಸಲೇ ಅದಕ್ಕಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಏಳದಿದ್ದರೆ ಸ್ಲರ್ಮ್ ಅದನ್ನು ಡೌನ್ ಎಂದು ಗುರುತು ಹಾಕಿ ಜಾಬ್ ಅನ್ನು ಮತ್ತೆ ಕ್ಯೂಗೆ ತಳ್ಳುತ್ತದೆ. ಕೆಟ್ಟಿಲ್ಲದ ನೋಡ್ ಕೆಟ್ಟಿದೆ ಎಂದು ತೋರಿಸುತ್ತದೆ. ನಿಮ್ಮ ನೋಡ್ ಬೂಟ್ ಆಗುವ ಸಮಯ ಅಳೆದು ಅದರ ಎರಡರಷ್ಟು ಇಡಿ, 600 ಸೆಕೆಂಡ್ ಆದರೂ ಸರಿ. ಸಸ್ಪೆಂಡ್ ಟೈಮ್ ಈ ಟೈಮ್‌ಔಟ್ ಮತ್ತು ಸಸ್ಪೆಂಡ್ ಟೈಮ್‌ಔಟ್ (ಆಫ್ ಆಗಿ ಮುಗಿಯಲು ಕೊಡುವ ಸಮಯ) ಎರಡರ ಮೊತ್ತಕ್ಕಿಂತ ಕಡಿಮೆ ಇರಬಾರದು.

ಎಲ್ಲ ನೋಡ್‌ಗಳನ್ನೂ ಆಫ್ ಆಗಲು ಬಿಡಬೇಡಿ. ಸಸ್ಪೆಂಡ್ ಎಕ್ಸ್‌ಸಿ ನೋಡ್ಸ್ ಸಾಲಿನಲ್ಲಿ ನೋಡ್‌ಗಳ ಪಟ್ಟಿ ಬರೆದು ಕೋಲನ್ ಹಾಕಿ ಎರಡು ಎಂದರೆ, ಆ ಪಟ್ಟಿಯಲ್ಲಿ ಯಾವುದಾದರೂ ಎರಡು ಸದಾ ಸಿದ್ಧ ಇರುತ್ತವೆ. ಕೋಡ್ ಒಮ್ಮೆ ಓಡಿಸಿ ನೋಡಬೇಕು ಎಂದು ಬಂದ ವಿದ್ಯಾರ್ಥಿ ಐದು ನಿಮಿಷ ಕಾಯುವಂತಾಗಬಾರದು. ಅವರು ಬೇಸತ್ತು ದೂರು ಕೊಟ್ಟರೆ ಇಡೀ ವ್ಯವಸ್ಥೆಯನ್ನೇ ತೆಗೆಸುತ್ತಾರೆ.

ರೆಸ್ಯೂಮ್ ರೇಟ್ ಎಂಬುದು ನಿಮಿಷಕ್ಕೆ ಎಷ್ಟು ನೋಡ್ ಏಳಬಹುದು ಎಂಬ ಮಿತಿ. ಡಿಫಾಲ್ಟ್ 300. ಸಣ್ಣ ಕ್ಲಸ್ಟರ್‌ಗೆ ಅದು ಮಿತಿಯೇ ಅಲ್ಲ. ಹತ್ತು ಸರ್ವರ್ ಒಮ್ಮೆಲೇ ಆನ್ ಆದರೆ ಯುಪಿಎಸ್ ಮೇಲೆ ಒಮ್ಮೆಗೇ ಹೊರೆ ಬೀಳುತ್ತದೆ. ನಿಮಿಷಕ್ಕೆ ಎರಡು ಸಾಕು.

ಈಗ ಆಫ್ ಆದ ನೋಡ್ ಸರಿಯಾಗಿ ಏಳುತ್ತದಾ ಎಂಬ ಪ್ರಶ್ನೆ. ಇಲ್ಲಿ ಎರಡು ಕಡೆ ಎಡವುತ್ತದೆ. ಹೋಮ್ ಫೋಲ್ಡರ್ ಎನ್‌ಎಫ್‌ಎಸ್‌ನಿಂದ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ವ್ಯವಸ್ಥೆ) ಮೌಂಟ್ ಆಗುವ ಮೊದಲೇ ಸ್ಲರ್ಮ್ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಶುರುವಾದರೆ, ಜಾಬ್ ಬಂದು ಫೈಲ್ ಸಿಗದೆ ಸಾಯುತ್ತದೆ. ಮೌಂಟ್ ಮುಗಿದ ಮೇಲೆಯೇ ಡೀಮನ್ ಏಳುವಂತೆ, ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡುವ ಸಿಸ್ಟಂಡಿಯಲ್ಲಿ ಕಟ್ಟಿ. ಇನ್ನೊಂದು ಗಡಿಯಾರ. ಮದರ್‌ಬೋರ್ಡ್ ಬ್ಯಾಟರಿ ಹಳೆಯದಾಗಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಗಂಟೆ ತಪ್ಪುತ್ತದೆ. ಸಮಯ ಕೆಲವು ನಿಮಿಷ ಆಚೀಚೆ ಆದರೆ ನೋಡ್‌ಗಳ ಗುರುತು ಪರಿಶೀಲಿಸುವ ಮಂಜ್ ಅದನ್ನು ಒಪ್ಪುವುದಿಲ್ಲ, ನೋಡ್ ಕ್ಲಸ್ಟರ್‌ಗೆ ಸೇರುವುದಿಲ್ಲ. ಸಮಯ ಹೊಂದಿಸುವ ಸೇವೆ ಡೀಮನ್‌ಗಿಂತ ಮೊದಲು ಓಡಲಿ.

ಜಾಬ್ ಹಾಕುವವರಿಗೆ ಎರಡು ಚಿಹ್ನೆ ಹೇಳಿಕೊಡಿ. ಎಸ್‌ಇನ್ಫೋದಲ್ಲಿ ಐಡಲ್ ಪಕ್ಕ ಅಲೆಯ ಗುರುತು (~) ಇದ್ದರೆ ನೋಡ್ ಆಫ್ ಇದೆ, ಕೆಟ್ಟಿಲ್ಲ. ಹ್ಯಾಶ್ ಗುರುತು ಇದ್ದರೆ ಏಳುತ್ತಿದೆ. ಅವರ ಜಾಬ್ ಆಗ ಸಿಎಫ್ ಎಂಬ ಸ್ಥಿತಿಯಲ್ಲಿ ಕೆಲವು ನಿಮಿಷ ಇರುತ್ತದೆ. ಗಾಬರಿಯಾಗಿ ಕ್ಯಾನ್ಸಲ್ ಮಾಡಬೇಡಿ ಎಂದು ಲಾಗಿನ್ ಸಂದೇಶದಲ್ಲೇ ಬರೆದಿಡಿ.

ಮೊದಲ ವಾರ ಎರಡೇ ನೋಡ್‌ಗಳ ಮೇಲೆ ಪ್ರಯೋಗಿಸಿ, ಆಮೇಲೆ ಉಳಿದವು.

6. ವೇಗ ತಗ್ಗಿಸುವುದು

ಪ್ರೊಸೆಸರ್‌ನ ಕೆಲಸದ ಖರ್ಚು ವೋಲ್ಟೇಜ್‌ನ ವರ್ಗಕ್ಕೂ ವೇಗಕ್ಕೂ ಅನುಗುಣವಾಗಿ ಏರುತ್ತದೆ. ವೇಗ ಇಳಿಸಿದರೆ ವೋಲ್ಟೇಜೂ ಇಳಿಸಬಹುದು, ಹಾಗಾಗಿ ಖರ್ಚು ವೇಗಕ್ಕಿಂತ ಜಾಸ್ತಿ ಇಳಿಯುತ್ತದೆ. 1994ರಲ್ಲಿ ಜೆರಾಕ್ಸ್ ಪಾರ್ಕ್‌ನ ಮಾರ್ಕ್ ವೈಸರ್ ಮತ್ತು ಜೊತೆಗಾರರು ಈ ವಿಚಾರವನ್ನು ಶೆಡ್ಯೂಲಿಂಗ್‌ಗೆ ತಂದರು. ಆದರೆ ಸರ್ವರ್‌ನಲ್ಲಿ ಖಾಲಿ ಖರ್ಚಿನ 120 ವಾಟ್ ಬೆನ್ನಿಗೇ ಇರುತ್ತದೆ.

ನಮ್ಮ ಅದೇ ನೋಡ್‌ನಲ್ಲಿ ಒಂದು ಗಂಟೆಯ ಜಾಬ್. ಪೂರ್ತಿ ವೇಗದಲ್ಲಿ 400 ವಾಟ್-ಗಂಟೆ. ವೇಗ 80 ಶೇಕಡಾ, ವೋಲ್ಟೇಜ್ 90 ಶೇಕಡಾಕ್ಕೆ ಇಳಿದರೆ ನೋಡ್ 301 ವಾಟ್ ಎಳೆಯುತ್ತದೆ. ಲೆಕ್ಕವೇ ಪ್ರಧಾನವಾದ ಜಾಬ್ 1.25 ಗಂಟೆ ಓಡಿ 377 ವಾಟ್-ಗಂಟೆ ಆಗುತ್ತದೆ. ಉಳಿದದ್ದು 6 ಶೇಕಡಾ. ವೇಗ ಅರ್ಧಕ್ಕೆ, ವೋಲ್ಟೇಜ್ 80 ಶೇಕಡಾಕ್ಕೆ ಇಳಿಸಿದರೆ 210 ವಾಟ್, ಆದರೆ ಎರಡು ಗಂಟೆ. ಒಟ್ಟು 420. ಪೂರ್ತಿ ವೇಗಕ್ಕಿಂತ ಜಾಸ್ತಿ! ನಿಧಾನ ಮಾಡಿದಷ್ಟೂ ಉಳಿಯುತ್ತದೆ ಎಂಬುದು ನಿಜವಲ್ಲ.

ಜಾಬ್ ಮೆಮೊರಿಗಾಗಿ ಕಾಯುವಂಥದ್ದಾದರೆ ಚಿತ್ರ ಬದಲಾಗುತ್ತದೆ. ದೊಡ್ಡ ವಿರಳ ಮ್ಯಾಟ್ರಿಕ್ಸ್‌ಗಳ ಲೆಕ್ಕ, ಗ್ರಾಫ್ ಹುಡುಕಾಟ ಇಂಥವು. ವೇಗ 80 ಶೇಕಡಾಕ್ಕೆ ಇಳಿಸಿದರೂ ಸಮಯ 5 ಶೇಕಡಾ ಮಾತ್ರ ಏರಿದರೆ 316 ವಾಟ್-ಗಂಟೆ ಸಾಕು. ಐದರಲ್ಲಿ ಒಂದು ಪಾಲು ಉಳಿಯಿತು. ಹಾಗಾಗಿ ಇಡೀ ಕ್ಲಸ್ಟರ್‌ಗೆ ಒಂದೇ ವೇಗ ಹೇರಬೇಡಿ. ಎಸ್‌ರನ್‌ನಲ್ಲಿ ಸಿಪಿಯು ಫ್ರೀಕ್ವೆನ್ಸಿ ಆಯ್ಕೆ ಇದೆ, ಜಾಬ್‌ಗೆ ತಕ್ಕಂತೆ ಕೊಡಬಹುದು. ಪದೇ ಪದೇ ಓಡುವ ಮೂರು ನಾಲ್ಕು ಪ್ರೋಗ್ರಾಂಗಳನ್ನು ಎರಡು ವೇಗದಲ್ಲಿ ಓಡಿಸಿ ಅಳೆದು ನೋಡಿ.

ಜಿಪಿಯುಗೆ ಎನ್ವಿಡಿಯಾ ಎಸ್‌ಎಂಐನಲ್ಲಿ ಪವರ್ ಲಿಮಿಟ್ ಇಡುವುದು ಸುಲಭ. ಗರಿಷ್ಠ ಮಿತಿಯ ಕೊನೆಯ ಕೆಲವು ವಾಟ್‌ಗಳಿಂದ ಸಿಗುವ ವೇಗ ಸಾಮಾನ್ಯವಾಗಿ ತೀರಾ ಕಡಿಮೆ. ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಒಂದು ಟ್ರೈನಿಂಗ್ ಸುತ್ತಿಗೆ ಎಷ್ಟು ಜೂಲ್ ಎಂದು ಬರೆಯುತ್ತಾ ಹೋಗಿ. ಅಂಕಿ ಮತ್ತೆ ಏರಲು ಶುರುವಾದ ಕಡೆ ನಿಲ್ಲಿಸಿ.

7. ಯಾವ ಹೊತ್ತಿಗೆ ಓಡಿಸುವುದು

ಇದರಿಂದ ಯೂನಿಟ್ ಕಡಿಮೆ ಆಗುವುದಿಲ್ಲ. ಬಿಲ್ ಮತ್ತು ಹೊಗೆ ಕಡಿಮೆ ಆಗಬಹುದು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ದಿನದ ಹೊತ್ತಿಗೆ ತಕ್ಕ ದರವನ್ನು ಹಂತಹಂತವಾಗಿ ತರಲು ಹೇಳಿತು. ಸೌರ ವಿದ್ಯುತ್ ಸಿಗುವ ಹಗಲಿನ ಎಂಟು ಗಂಟೆ 10ರಿಂದ 20 ಶೇಕಡಾ ಅಗ್ಗ, ಬೇಡಿಕೆ ಜಾಸ್ತಿ ಇರುವ ಹೊತ್ತು 10ರಿಂದ 20 ಶೇಕಡಾ ದುಬಾರಿ ಎಂಬುದು ಅದರ ಸಾರ. ರಾಜ್ಯದಿಂದ ರಾಜ್ಯಕ್ಕೆ ಗಂಟೆಗಳು, ದರ ಬೇರೆ ಬೇರೆ. ನಿಮ್ಮ ಸಂಸ್ಥೆಯ ಬಿಲ್ ತರಿಸಿ ಟಿಒಡಿ (ದಿನದ ಹೊತ್ತಿಗೆ ತಕ್ಕ ದರ) ಸಾಲುಗಳನ್ನು ಓದಿ. ‘ರಾತ್ರಿ ಓಡಿಸಿದರೆ ಅಗ್ಗ’ ಎಂಬ ಹಳೆಯ ಮಾತನ್ನು ನೋಡದೆ ನಂಬಬೇಡಿ. ಪಾವಗಡದಂಥ ಸೌರ ಪಾರ್ಕ್‌ಗಳು ಬಂದ ಮೇಲೆ ಕರ್ನಾಟಕದಲ್ಲಿ ಮಧ್ಯಾಹ್ನದ ಕರೆಂಟ್‌ನಲ್ಲಿ ಸೂರ್ಯನ ಪಾಲು ದೊಡ್ಡದಾಗಿದೆ. ಕಾಲೇಜಿನ ಚಾವಣಿಯ ಮೇಲೇ ಸೋಲಾರ್ ಇದ್ದರಂತೂ ಮಧ್ಯಾಹ್ನವೇ ಒಳ್ಳೆಯ ಹೊತ್ತು. ಆದರೆ ಎಸಿಗೆ ಮಧ್ಯಾಹ್ನ ಜಾಸ್ತಿ ಶ್ರಮ. ಎರಡನ್ನೂ ತೂಗಿ ನೋಡಬೇಕು.

ಅವಸರವಿಲ್ಲದ ಜಾಬ್‌ಗಳಿಗೆ ಬೇರೆ ಪಾರ್ಟಿಷನ್ ಮಾಡಿ, ಎಸ್‌ಬ್ಯಾಚ್‌ನ ಬಿಗಿನ್ ಆಯ್ಕೆಯಿಂದ ಶುರುವಾಗುವ ಹೊತ್ತು ಹೇಳಿಸಿ. ಅವುಗಳನ್ನು ಒಂದೇ ಹೊತ್ತಿಗೆ ಗುಂಪಾಗಿ ಬಿಟ್ಟರೆ ಇನ್ನೊಂದು ಲಾಭ: ಉಳಿದ ಹೊತ್ತು ನೋಡ್‌ಗಳು ಒಟ್ಟಿಗೇ ಖಾಲಿಯಾಗಿ ಒಟ್ಟಿಗೇ ಆಫ್ ಆಗುತ್ತವೆ.

8. ಕ್ಯೂಬರ್ನೆಟೀಸ್, ಹಡೂಪ್ ನಡೆಸುವವರಿಗೆ

ಕ್ಯೂಬರ್ನೆಟೀಸ್ ಶೆಡ್ಯೂಲರ್ ಡಿಫಾಲ್ಟ್ ಆಗಿ ಕಡಿಮೆ ತುಂಬಿದ ನೋಡ್‌ಗೆ ಪಾಡ್, ಅಂದರೆ ಅದರ ಕೆಲಸದ ಘಟಕ, ಕೊಡುತ್ತದೆ. ಅಂದರೆ ಹರಡುತ್ತದೆ. ಸ್ಕೋರಿಂಗ್‌ನಲ್ಲಿ ‘ಮೋಸ್ಟ್ ಅಲೊಕೇಟೆಡ್’ ಆರಿಸಿದರೆ ಒತ್ತಾಗಿ ತುಂಬುತ್ತದೆ. ಕ್ಲಸ್ಟರ್ ಆಟೋಸ್ಕೇಲರ್ ಅರ್ಧಕ್ಕಿಂತ ಕಡಿಮೆ ತುಂಬಿದ ನೋಡ್ ಅನ್ನು ಹತ್ತು ನಿಮಿಷ ಗಮನಿಸಿ ತೆಗೆಯುತ್ತದೆ. ಇವು ಡಿಫಾಲ್ಟ್ ಅಂಕಿಗಳು, ಬದಲಿಸಬಹುದು.

ಹಡೂಪ್‌ನಲ್ಲಿ ಡೇಟಾ ಇರುವುದೂ ಲೆಕ್ಕ ಮಾಡುವುದೂ ಒಂದೇ ನೋಡ್. ಅದನ್ನು ಸುಮ್ನೆ ಆಫ್ ಮಾಡಿದರೆ ಸುಮಾರು ಹತ್ತೂವರೆ ನಿಮಿಷದ ನಂತರ, ಯಾವ ಡೇಟಾ ಎಲ್ಲಿದೆ ಎಂದು ನೋಡಿಕೊಳ್ಳುವ ನೇಮ್‌ನೋಡ್ ಅದು ಸತ್ತಿದೆ ಎಂದು ತೀರ್ಮಾನಿಸಿ, ಅದರಲ್ಲಿದ್ದ ಬ್ಲಾಕ್‌ಗಳ ಹೊಸ ಪ್ರತಿ ಮಾಡಲು ಶುರು ಮಾಡುತ್ತದೆ. ಉಳಿದ ಎಲ್ಲ ಡಿಸ್ಕ್, ನೆಟ್‌ವರ್ಕ್ ದುಡಿದು ಉಳಿತಾಯವನ್ನು ನುಂಗಿಬಿಡುತ್ತವೆ. ಸೆಫ್ (Ceph, ಮೊದಲು ಹೇಳಿದ ಸಾಧನವಲ್ಲ) ಎಂಬ ಡೇಟಾ ಸಂಗ್ರಹ ವ್ಯವಸ್ಥೆಯಲ್ಲೂ ಹತ್ತು ನಿಮಿಷಕ್ಕೆ ಇದೇ ಕಥೆ. ಡೇಟಾ ನೋಡ್‌ಗಳನ್ನು ಬೇರೆ ಮಾಡಿ ಸದಾ ಆನ್ ಇಡಿ. ಆಫ್ ಮಾಡುವುದು ಲೆಕ್ಕದ ನೋಡ್‌ಗಳನ್ನು ಮಾತ್ರ.

9. ತಿಂಗಳ ಕೊನೆಗೆ ಏನು ನೋಡಬೇಕು

ಒಟ್ಟು ಯೂನಿಟ್ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ರಜೆಯ ತಿಂಗಳು ಅದು ತಾನಾಗಿಯೇ ಇಳಿಯುತ್ತದೆ. ಒಟ್ಟು ಯೂನಿಟ್ ಅನ್ನು ಆ ತಿಂಗಳು ಓಡಿದ ಕೋರ್-ಗಂಟೆಗಳಿಂದ ಭಾಗಿಸಿ, ಬದಲಾವಣೆಗೆ ಮೊದಲಿನ ಅಂಕಿಯ ಪಕ್ಕ ಇಡಿ. ಅದರ ಜೊತೆಗೇ ಜಾಬ್‌ಗಳು ಕ್ಯೂನಲ್ಲಿ ಕಾದ ಸಮಯದ ನಡುವಿನ ಅಂಕಿ, ಅಂದರೆ ಮೀಡಿಯನ್, ತೆಗೆಯಿರಿ. ಸರಾಸರಿ ಬೇಡ, ಒಂದೆರಡು ದೊಡ್ಡ ಜಾಬ್ ಅದನ್ನು ಎಳೆದುಬಿಡುತ್ತವೆ. ಕಾಯುವ ಸಮಯ ಬೂಟ್ ಸಮಯಕ್ಕಿಂತ ಜಾಸ್ತಿ ಏರಿದ್ದರೆ ಸಿದ್ಧ ಇಡುವ ನೋಡ್‌ಗಳನ್ನು ಎರಡರಿಂದ ಮೂರು ಮಾಡಿ. ಏರಿಲ್ಲ, ಯೂನಿಟೂ ಇಳಿದಿಲ್ಲ ಎಂದಾದರೆ ಸಸ್ಪೆಂಡ್ ಲಾಗ್ ತೆರೆಯಿರಿ. ಒಂದೇ ಒಂದು ಸಲವೂ ಆಫ್ ಆಗದ ನೋಡ್ ಯಾವುದು ಎಂದು ಹುಡುಕಿ, ಅದರ ಮೇಲೆ ಯಾರ ಉದ್ದದ ಜಾಬ್ ಕೂತಿದೆ ನೋಡಿ, ಅವರಿಗೆ ಉದ್ದದ ಪಾರ್ಟಿಷನ್ ತೋರಿಸಿ.